ತೊಟ್ಟಿಲಿಗೆ ಬಣ್ಣ ಹೊಡೆಯುವ ಮುನ್ನ

ನಾದಿನಿಯ ಸೀಮಂತ ಮುಗಿಸಿ ತವರಿಗೆ ಕರೆತಂದ ಮರುದಿನವೇ ನಮ್ಮತ್ತೆ ಅಟ್ಟದ ಮೇಲಿದ್ದ ತೊಟ್ಟಿಲನ್ನು ಕೆಳಗಿಳಿಸಿದರು. ಸಾಗುವಾನಿಯ ಗಟ್ಟಿ ತೊಟ್ಟಿಲು. ನಮ್ಮೆಜಮಾನರು, ಅವರಣ್ಣ, ಈಗ ಬಸುರಿಯಾಗಿರುವ ಇದೇ ನಾದಿನಿ, ಕೊನೆಗೆ 2016ರಲ್ಲಿ ಹುಟ್ಟಿದ ನನ್ನ ಮಗಳು, ಎಲ್ಲರೂ ಕೈಕಾಲು ಆಡಿಸಿದ್ದು ಅದರಲ್ಲೇ. ಒಂದೊಂದು ಮಗು ಬಂದಾಗಲೂ ಅದಕ್ಕೆ ಒಂದೊಂದು ಹೊಸ ಬಣ್ಣ ಬಿದ್ದಿತ್ತು. "ಈ ಸಲ ನೀನೇ ಹೊಡಿ. ಹೇಗೂ ಮಶೀನು ತರಿಸಿಕೊಂಡಿದ್ದೀಯಲ್ಲ" ಅಂದರು ಅತ್ತೆ.

ಮಶೀನು ಅಂದರೆ ಬಣ್ಣ ಸಿಂಪಡಿಸುವ ಸ್ಪ್ರೇಯರ್. ಎರಡು ತಿಂಗಳ ಹಿಂದೆ ಆಸೆಪಟ್ಟು ತರಿಸಿದ್ದು, ಡಬ್ಬದಿಂದ ಹೊರಗೇ ಬಂದಿರಲಿಲ್ಲ. "ಜ್ಯೂಸರ್ ಪಕ್ಕದಲ್ಲಿ ಇದಕ್ಕೂ ಒಂದು ಜಾಗ ಮಾಡು" ಎಂದು ನಮ್ಮೆಜಮಾನರು ದಿನಾ ಚುಚ್ಚುತ್ತಿದ್ದರು. ತೊಟ್ಟಿಲ ನೆಪದಲ್ಲಿ ಅದಕ್ಕೂ ಮುಹೂರ್ತ ಕೂಡಿಬಂತು.

ಬಡಗಿಗಳ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ ಕಾಣುವ ಕಂಪ್ರೆಸರ್ ಗನ್ ಬೇರೆ, ಮನೆಬಳಕೆಯದು ಬೇರೆ. ಇದರಲ್ಲಿ ಒಂದು ಪುಟ್ಟ ಮೋಟರ್, ಕೆಳಗೆ ಬಣ್ಣ ತುಂಬುವ ಡಬ್ಬಿ, ಮುಂದೆ ಮೂತಿ. ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಗಾಳಿಯ ರಭಸಕ್ಕೆ ಬಣ್ಣ ಮಂಜಿನಂತೆ ಹೊರಬರುತ್ತದೆ. ಕಡೆದ ಕಾಲುಗಳ ಕುರ್ಚಿ, ಬೆತ್ತದ ಹೆಣಿಗೆ, ಸಾಲು ಕಂಬಿಗಳ ತೊಟ್ಟಿಲು, ಇಂಥವಕ್ಕೆ ಇದು ವರ. ಬ್ರಷ್ಷಿನಲ್ಲಿ ಆ ಸಂದುಗೊಂದುಗಳಿಗೆ ಬಣ್ಣ ಮೆತ್ತುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಆದರೆ ಒಂದು ಚಪ್ಪಟೆ ಟೇಬಲ್ಲಿಗೋ, ಎರಡು ಶೆಲ್ಫಿಗೋ ಆಗಿದ್ದರೆ ದಯವಿಟ್ಟು ಮಶೀನು ಕೊಳ್ಳಬೇಡಿ. ಸಣ್ಣ ರೋಲರ್ ಸಾಕು. ಸ್ಪ್ರೇ ಮಾಡಿದಾಗ ಒಂದಿಷ್ಟು ಬಣ್ಣ ಗಾಳಿಯ ಪಾಲಾಗುವುದು ಖಂಡಿತ, ಮಶೀನು ತೊಳೆಯುವ ಕೆಲಸ ಬೇರೆ.

ಸ್ಟೂಲಿನ ಮೇಲೆ ಪ್ರಯೋಗ

ತೊಟ್ಟಿಲಿಗೆ ಕೈಹಾಕುವ ಮೊದಲು ಹಳೆಯದೊಂದು ಸ್ಟೂಲಿನ ಮೇಲೆ ಕೈ ಪಳಗಿಸಿಕೊಳ್ಳೋಣ ಅಂದುಕೊಂಡೆ. ಅದೊಂದು ಒಳ್ಳೆಯ ಬುದ್ಧಿ ಬಂತು ಬಿಡಿ. ಮೊದಲ ಸಲ ಬಣ್ಣ ಕಣ್ಣೀರಿನ ಹಾಗೆ ಧಾರಾಕಾರ ಇಳಿಯಿತು. ಉಜ್ಜಿ ತೆಗೆದು ಎರಡನೇ ಸಲ ದೂರ ನಿಂತು ಹೊಡೆದೆ. ಸ್ಟೂಲಿಗೆ ಮೈಯೆಲ್ಲಾ ಬೆವರುಸಾಲೆ ಎದ್ದಂತಾಯಿತು! ಪಕ್ಕದ ಮನೆಯವರ ಸ್ಕೂಟರಿನ ಮೇಲೆ ಬಿಳಿ ಚುಕ್ಕಿ ರಂಗೋಲಿ ಮೂಡಿದ ಕಥೆಯನ್ನಂತೂ ಕೇಳಲೇಬೇಡಿ.

ಮೂರನೇ ಸಲಕ್ಕೆ ಗುಟ್ಟು ಗೊತ್ತಾಯಿತು. ತೀರಾ ಹತ್ತಿರ ಹಿಡಿದರೆ ಅಥವಾ ಕೈ ನಿಧಾನ ಮಾಡಿದರೆ ಬಣ್ಣ ಹೆಚ್ಚಾಗಿ ಇಳಿಯುತ್ತದೆ. ತೀರಾ ದೂರ ಹಿಡಿದರೆ ಹನಿಗಳು ಮರ ಮುಟ್ಟುವ ಮೊದಲೇ ಅರ್ಧ ಒಣಗಿ ತರಿತರಿಯಾಗುತ್ತವೆ. ಬಣ್ಣ ಗಟ್ಟಿಯಿದ್ದರೂ ಅದೇ ಕಥೆ. 6ರಿಂದ 10 ಇಂಚು ದೂರ ಸರಿಯಾದದ್ದು. ಕೈ ಹೇಗಿರಬೇಕು ಗೊತ್ತಾ? ಕಾವಲಿಯ ಮೇಲೆ ದೋಸೆ ಹುಯ್ಯುವಾಗ ಸೌಟು ತಿರುಗಿಸುತ್ತೇವಲ್ಲ, ಹಾಗೆ ಮಣಿಕಟ್ಟು ತಿರುಗಿಸಬಾರದು. ಅಂಗಳದಲ್ಲಿ ಉದ್ದನೆಯ ರಂಗೋಲಿ ಎಳೆ ಎಳೆಯುವಾಗ ಇಡೀ ತೋಳು ಸರಿಯುತ್ತದಲ್ಲ, ಹಾಗೆ ನೇರವಾಗಿ ಸರಿಯಬೇಕು. ಮರದ ಅಂಚಿನ ಆಚೆಯೇ ಗುಂಡಿ ಒತ್ತಿ ಒಳಗೆ ಬನ್ನಿ, ಇನ್ನೊಂದು ಅಂಚು ದಾಟಿದ ಮೇಲೆ ಬಿಡಿ. ಮುಂದಿನ ಎಳೆ ಹಿಂದಿನದರ ಅರ್ಧ ಭಾಗವನ್ನು ಮುಚ್ಚಲಿ. ಕುರ್ಚಿಯಾದರೆ ಮೊದಲು ತಲೆಕೆಳಗು ಮಾಡಿ ಕಾಲು, ಅಡಿಭಾಗ ಮುಗಿಸಿ, ಆಮೇಲೆ ನೆಟ್ಟಗೆ ನಿಲ್ಲಿಸಿ ಕೂರುವ ಹಲಗೆ. ಒಂದೇ ಸಲಕ್ಕೆ ಬಣ್ಣ ತುಂಬಲಿ ಎನ್ನುವ ಆತುರ ಬೇಡ. ಮೊದಲ ಕೋಟು ಅರೆಬರೆ ಕಂಡರೂ ಬಿಟ್ಟುಬಿಡಿ. ತೆಳುವಾದ ಎರಡು ಮೂರು ಕೋಟುಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ.

ಬಣ್ಣದ ಹದಕ್ಕೆ ಮಶೀನಿನ ಜೊತೆ ತೂತಿರುವ ಒಂದು ಪುಟ್ಟ ಲೋಟ ಕೊಟ್ಟಿರುತ್ತಾರೆ. ಅದರಲ್ಲಿ ಬಣ್ಣ ತುಂಬಿಸಿ ಎಷ್ಟು ಸೆಕೆಂಡಿಗೆ ಖಾಲಿಯಾಗುತ್ತದೆ ಎಂದು ಎಣಿಸಿ, ಪುಸ್ತಿಕೆಯಲ್ಲಿ ಹೇಳಿದ ಲೆಕ್ಕಕ್ಕೆ ಬರುವವರೆಗೆ ಸ್ವಲ್ಪ ಸ್ವಲ್ಪವೇ ತೆಳು ಮಾಡಬೇಕು. ನಮ್ಮ ಅಡುಗೆಮನೆ ಭಾಷೆಯಲ್ಲಿ ಹೇಳುವುದಾದರೆ ಮಾಮೂಲಿ ದೋಸೆ ಹಿಟ್ಟಿಗಿಂತ ತೆಳು, ನೀರುದೋಸೆ ಹಿಟ್ಟಿಗಿಂತ ಒಂಚೂರು ಮಂದ. ತುಂಬುವ ಮೊದಲು ತೆಳುಬಟ್ಟೆಯಲ್ಲಿ ಸೋಸಲು ಮರೆಯಬೇಡಿ. ಒಂದು ಸಣ್ಣ ಕೆನೆ ಸಾಕು, ಮೂತಿ ಕಟ್ಟಿಕೊಂಡು ಪಿಚಕಾರಿ ಹೊಡೆಯತೊಡಗುತ್ತದೆ.

ಸ್ಪ್ರೇ ಹತ್ತು ನಿಮಿಷ

ಒಂದು ಕುರ್ಚಿಗೆ ಒಂದು ಕೋಟು ಹೊಡೆಯಲು ಹತ್ತು ನಿಮಿಷವೂ ಬೇಡ. ಅದಕ್ಕೆ ಮುಂಚಿನ ತಯಾರಿಯೇ ಎರಡು ದಿನ ಹಿಡಿಯುತ್ತದೆ. ಜಿಡ್ಡಿದ್ದರೆ ಸೋಪಿನ ನೀರಿನಲ್ಲಿ ಒರೆಸಿ ಚೆನ್ನಾಗಿ ಒಣಗಿಸಬೇಕು. ನಾವು ತಲೆಗೆ ಎಣ್ಣೆ ಹಚ್ಚಿಕೊಂಡು ಒರಗುವ ಕುರ್ಚಿಗಳಂತೂ ಎರಡೆರಡು ಸಲ. ಆಮೇಲೆ 120 ಅಥವಾ 150 ನಂಬರಿನ ಉಪ್ಪುಕಾಗದದಿಂದ ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಿ, ತೂತು ಬಿರುಕುಗಳಿಗೆ ಪುಟ್ಟಿ ತುಂಬಿ, 220ರ ಕಾಗದದಿಂದ ನಯ ಮಾಡಿ, ಒದ್ದೆ ಬಟ್ಟೆಯಲ್ಲಿ ಧೂಳು ತೆಗೆದು, ಒಂದು ಕೋಟು ಮರದ ಪ್ರೈಮರ್. ಪ್ರೈಮರ್ ಬಿಟ್ಟರೆ ದುಡ್ಡು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಒಂದೇ ವರ್ಷದಲ್ಲಿ ಉಗುರಿನಲ್ಲಿ ಎಬ್ಬಿದರೂ ಸಿಪ್ಪೆಯಂತೆ ಏಳುತ್ತದೆ.

ಜಾಗ ಎರಡು ಕಡೆ ತೆರೆದಿರಲಿ. ವರಾಂಡ, ಕಾರ್ ಶೆಡ್ಡು, ತಾರಸಿಯ ನೆರಳು ಆಗಬಹುದು. ಅಡುಗೆಮನೆ ಪಕ್ಕದ ಹಾಲ್ ಖಂಡಿತ ಬೇಡ. ನೆಲಕ್ಕೆ, ಗೋಡೆಗೆ ಹಳೆಯ ಸೀರೆ, ಪೇಪರು ಹೊದಿಸಿ. ಒಣಹಾಕಿದ ಬಟ್ಟೆ ಒಳಗೆ ತನ್ನಿ. ನಮ್ಮ ಶಿವಮೊಗ್ಗದಲ್ಲಂತೂ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಲೇಬಾರದು, ಗಾಳಿಯಲ್ಲಿ ತೇವ ತುಂಬಿದ್ದರೆ ಬಣ್ಣ ದಿನಗಟ್ಟಲೆ ಅಂಟು ಬಿಡುವುದಿಲ್ಲ. ಚಳಿಗಾಲದಲ್ಲಿ ಇಬ್ಬನಿ ಆರಿದ ಮೇಲೆ, ಬಿಸಿಲು ನೇರ ಬೀಳದ ಕಡೆ ಮಾಡಿದರೆ ಹೇಳಿ ಮಾಡಿಸಿದ ಹಾಗೆ.

ಮನೆಯಲ್ಲಿ ಸ್ಪ್ರೇ ಮಾಡುವವರಿಗೆ ನೀರಿನಲ್ಲಿ ಕರಗುವ ಎನಾಮಲ್ ಬಣ್ಣವೇ ಒಳ್ಳೆಯದು. ಥಿನ್ನರ್ ಬೆರೆಸುವ ಬಣ್ಣವನ್ನು ಮಂಜಿನಂತೆ ಹಾರಿಸಿದಾಗ ಅದಕ್ಕೆ ಹೊತ್ತಿಕೊಳ್ಳಲು ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ, ಸ್ವಿಚ್ಚಿನ ಕಿಡಿ, ಯಾವುದಾದರೂ ಸಾಕು. ಬೇಗ ಹೊತ್ತಿಕೊಳ್ಳುವ ಬಣ್ಣಗಳಿಗೆ ಈ ಮಶೀನು ಬಳಸಬಾರದು ಎಂದು ಎಷ್ಟೋ ಪುಸ್ತಿಕೆಗಳಲ್ಲೇ ಬರೆದಿರುತ್ತದೆ, ನಾವು ಓದುವುದಿಲ್ಲ ಅಷ್ಟೆ. ಕೊರೊನಾ ಕಾಲದಲ್ಲಿ ತಂದಿಟ್ಟ ಎನ್-95 ಮಾಸ್ಕು ಧೂಳನ್ನು, ಬಣ್ಣದ ಹನಿಯನ್ನು ತಡೆಯುತ್ತದೆ, ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಕಾರ್ಟ್ರಿಜ್ ಇರುವ ಮಾಸ್ಕು ಬೇಕು. ಇನ್ನು ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಪಿಯು ಪಾಲಿಶ್ ಇದೆಯಲ್ಲ, ಹೊಳಪಿಗೆ ಮರುಳಾಗಿ ಅದನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಆ ಗಟ್ಟಿಕಾರಕದಲ್ಲಿರುವ ಐಸೋಸೈನೇಟ್ ಉಸಿರಿಗೆ ಸೇರಿದರೆ ಅಸ್ತಮಾ ತರಬಲ್ಲದು. ಅದು ತಕ್ಕ ವ್ಯವಸ್ಥೆಯಿರುವ ವರ್ಕ್‌ಶಾಪಿನ ಕೆಲಸ.

ಡಬ್ಬಿಯ ಮೇಲಿನ ಒಂದು ಸಾಲು

ಸ್ಟೂಲು ಆಯಿತು, ನಾಲ್ಕು ಕುರ್ಚಿಗಳಾದವು. ನೋಡಿದವರೆಲ್ಲ ಹೊಸದು ತಂದಿರಾ ಅಂದರು. ನನಗೂ ಕೊಂಬು ಬಂತು ಅನ್ನಿ. ಒಂದು ಬೆಳಿಗ್ಗೆ ತೊಟ್ಟಿಲನ್ನು ವರಾಂಡಕ್ಕೆ ಎಳೆದುಕೊಂಡು ಕೂತೆ. ನಾದಿನಿ ಪಕ್ಕದಲ್ಲೇ ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿರಬೇಕು, ಮೇಲಿನ ಹಸಿರು ಹೋಗಿ ಹಳದಿ ಕಂಡಿತು, ಹಳದಿಯ ಕೆಳಗೆ ಕೆಂಪು. ಗಂಟೆ ಎಷ್ಟು ಹೊತ್ತಿಗೆ ಎರಡನೇ ಕೋಟು ಹೊಡೆಯಬಹುದು ಎಂದು ನೋಡಲು ಹೊಸ ಬಣ್ಣದ ಡಬ್ಬಿ ತಿರುಗಿಸಿದೆ. ಅದರ ಮೇಲೊಂದು ಸಾಲು: ಸೀಸದ ಅಂಶ 90 ಪಿಪಿಎಂ ಮೀರಿಲ್ಲ.

ಇದರಲ್ಲಿ ಮೀರಿಲ್ಲ, ಸರಿ. ನಾನು ಉಜ್ಜುತ್ತಿರುವುದರಲ್ಲಿ?

ಉಪ್ಪುಕಾಗದ ಅಲ್ಲೇ ಬಿಟ್ಟೆ. ನಾದಿನಿಯನ್ನು ಒಳಗೆ ಕಳಿಸಿದೆ. ಸುಲಿದಿಟ್ಟಿದ್ದ ಅವರೆಕಾಳನ್ನೂ ಚೆಲ್ಲಿಬಿಟ್ಟೆ. ಅತ್ತೆ ಅದಕ್ಕೇ ಮೊದಲು ಸಿಟ್ಟಾದದ್ದು.

ಬಣ್ಣ ಎದ್ದು ಕಾಣಲಿ, ಬೇಗ ಒಣಗಲಿ, ಬಾಳಿಕೆ ಬರಲಿ ಎಂದು ಹಿಂದೆ ಎನಾಮಲ್ ಬಣ್ಣಗಳಿಗೆ ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಅದರಲ್ಲೂ ಹಳದಿ, ಕೆಂಪು, ಕಿತ್ತಳೆಯಂಥ ಗಾಢ ಬಣ್ಣಗಳಲ್ಲಿ ಇದು ಹೆಚ್ಚು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಿಗೆ 90 ಪಿಪಿಎಂ ಮಿತಿ ಹಾಕಿದ ನಿಯಮ ಪ್ರಕಟವಾದದ್ದು 2016ರ ನವೆಂಬರಿನಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಿಂದ. ಅಂದರೆ ಅದಕ್ಕೂ ಮೊದಲು ಬಳಿದ ಕಿಟಕಿ, ಬಾಗಿಲು, ಮಂಚ, ತೊಟ್ಟಿಲು ಯಾವುದನ್ನೂ ಕಣ್ಣಿನಲ್ಲಿ ನೋಡಿ ಸೀಸ ಇಲ್ಲ ಎಂದು ಹೇಳಲಾಗದು. ಬಣ್ಣ ಏಳದೆ ಗಟ್ಟಿಯಾಗಿದ್ದು, ಯಾರೂ ಕಚ್ಚದೆ ಇದ್ದರೆ ಅಪಾಯ ಕಮ್ಮಿ. ಒಣಗಿದ್ದಾಗಲೇ ಉಜ್ಜಿದಿರೋ, ಅದು ಹಿಟ್ಟಿನಂಥ ಧೂಳಾಗಿ ನೆಲ, ಬಟ್ಟೆ, ಕೈ, ಬಾಯಿ ಎಲ್ಲಾ ಕಡೆ ಸೇರುತ್ತದೆ. ಬೆಂಕಿಯಿಂದ ಸುಟ್ಟು ತೆಗೆದರೆ ಹೊಗೆಯಾಗಿ ಸೇರುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ದೊಡ್ಡವರಿಗಿಂತ ಎಳೆಮಕ್ಕಳ ಮೈ ಅದನ್ನು 4-5 ಪಟ್ಟು ಹೆಚ್ಚು ಹೀರಿಕೊಳ್ಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇದಕ್ಕಿಲ್ಲ. ಬೆಳೆಯುವ ಮಿದುಳಿಗೆ ಪೆಟ್ಟು, ಕಲಿಕೆ ಮಂದ. ಬಸುರಿಯ ರಕ್ತದಿಂದ ಹೊಟ್ಟೆಯೊಳಗಿನ ಕೂಸಿಗೂ ಹೋಗುತ್ತದೆ.

ನಾನು ಮಾಡಿದ್ದು ಇಷ್ಟು. ಆ ಜಾಗವನ್ನು ಗುಡಿಸಲಿಲ್ಲ, ಗುಡಿಸಿದರೆ ಧೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ, ಆ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿದೆ. ಉಟ್ಟ ಬಟ್ಟೆ ಬೇರೆಯಾಗಿ ಒಗೆದು ಸ್ನಾನ ಮಾಡಿದೆ. ತೊಟ್ಟಿಲನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟೆ. ಹಳೆಯ ಬಣ್ಣದ ಸಾಮಾನನ್ನು ಉಜ್ಜಲೇಬೇಕಾದರೆ ಮರ ಒದ್ದೆ ಮಾಡಿಕೊಂಡು ವಾಟರ್ ಪೇಪರಿನಲ್ಲಿ, ಮಾಸ್ಕು ಹಾಕಿ, ಮಕ್ಕಳು ಬಸುರಿಯರು ಇಲ್ಲದ ಕಡೆ ಉಜ್ಜಬೇಕು. ಮಗು ಬಾಯಿಗೆ ಹಾಕುವ ಸಾಮಾನಾದರೆ ಅಷ್ಟೂ ಸಾಲದು, ಮೇಲೆ ಹೊಸ ಬಣ್ಣ ಬಳಿದರೂ ಹಲ್ಲು ಅದನ್ನು ದಾಟಿ ಹೋಗುತ್ತದೆ. ಹೊರಗೆ ಕೊಟ್ಟು ರಾಸಾಯನಿಕದಿಂದ ಹಳೆ ಬಣ್ಣವನ್ನು ಪೂರ್ತಿ ಬಿಡಿಸಬೇಕು, ಇಲ್ಲವೇ ಬಳಸಬಾರದು. ನಿಮ್ಮಲ್ಲಿ ಕಲಘಟಗಿಯ ಹಳೆಯ ಚಿತ್ತಾರದ ತೊಟ್ಟಿಲಿದ್ದರಂತೂ ಸ್ಪ್ರೇಯರನ್ನು ಅದರ ಹತ್ತಿರವೂ ಸುಳಿಯಗೊಡಬೇಡಿ. ಆ ಅರಗಿನ ಕೆಲಸ ಒಮ್ಮೆ ಮುಚ್ಚಿದರೆ ಮತ್ತೆ ಸಿಗದು.

"ಮೂರು ಮಕ್ಕಳನ್ನ ಇದರಲ್ಲೇ ತೂಗಿದ್ದೀನಿ, ಯಾರಿಗೆ ಏನಾಗಿದೆ ಹೇಳು" ಅಂದರು ಅತ್ತೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕಣ್ಣು ಇದ್ದದ್ದು ತೊಟ್ಟಿಲಿನ ಮೇಲಂಚಿನ ಮೇಲೆ. ಅಲ್ಲಿ ಹಸಿರು, ಹಳದಿ ಎರಡೂ ಹೋಗಿ ಸಣ್ಣ ಸಣ್ಣ ಗುಳಿಗಳಿವೆ. ಹಲ್ಲು ಬರುವಾಗ ನನ್ನ ಮಗಳು ಕಚ್ಚಿದ್ದು. ಎಷ್ಟು ಚೆಂದ ಕಚ್ಚುತ್ತಾಳೆ ಎಂದು ನಾನೇ ಫೋಟೋ ತೆಗೆದಿದ್ದೆ. ಮಕ್ಕಳ ಡಾಕ್ಟರನ್ನು ಕೇಳಿದೆ. ರಕ್ತದಲ್ಲಿ ಸೀಸ ನೋಡುವ ಪರೀಕ್ಷೆ ಇದೆ, ಆದರೆ ಅದು ಮುಖ್ಯವಾಗಿ ಇತ್ತೀಚೆಗೆ ಸೇರಿದ್ದನ್ನು ಹೇಳುತ್ತದೆ, ವರ್ಷಗಳ ಹಿಂದಿನದನ್ನು ಅಲ್ಲ ಎಂದರು. ಅವಳು ಚುರುಕಾಗಿಯೇ ಇದ್ದಾಳೆ, ಗಣಿತ ಒಂದು ಬಿಟ್ಟು. ಗಣಿತ ನನಗೂ ಬರುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಕುರ್ಚಿಗಳ ವಿಷಯದಲ್ಲಿ ಹೇಳಲು ಮರೆತದ್ದು: ಬಣ್ಣ ಮುಟ್ಟಿದರೆ ಅಂಟದಿದ್ದರೂ ಒಳಗೆ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಬಿಸಿ ಪಾತ್ರೆ ಇಡುವುದು, ಎಳೆದಾಡುವುದು ಬೇಡ. ಮಶೀನನ್ನು ಕೆಲಸ ಮುಗಿದ ಕೂಡಲೇ, ಕಾಫಿಗೂ ಮುಂಚೆ, ತೊಳೆಯಿರಿ. ಡಬ್ಬಿಗೆ ನೀರು ತುಂಬಿ ಹಳೆಯ ಬಕೆಟ್ಟಿನೊಳಗೆ ಸ್ಪ್ರೇ ಮಾಡಿ, ಪ್ಲಗ್ ತೆಗೆದು ಮೂತಿ ಬಿಚ್ಚಿ ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ಉಜ್ಜಿ. ಆ ನೀರನ್ನು ಬಾವಿಕಟ್ಟೆಗೋ ಗಿಡದ ಬುಡಕ್ಕೋ ಸುರಿಯಬೇಡಿ. ನಾನು ಒಂದು ದಿನ ನಾಳೆ ತೊಳೆದರಾಯಿತು ಎಂದು ಬಿಟ್ಟು ಹೊಸ ಮೂತಿಗೆ ದುಡ್ಡು ತೆತ್ತಿದ್ದೇನೆ.

ನಾದಿನಿಗೆ ಗಂಡುಮಗು ಆಯಿತು. ನಾಮಕರಣಕ್ಕೆ ಎರಡು ದಿನ ಇರುವಾಗ ಅತ್ತೆ ಅಟ್ಟ ಹತ್ತಿಸಿದರು. ನಾನು ಗಾಬರಿಯಾದೆ. ಪ್ಲಾಸ್ಟಿಕ್ ಬಿಚ್ಚಿಸಲಿಲ್ಲ, ಪಕ್ಕದಲ್ಲಿ ಬೇರೆಯಾಗಿ ಕಟ್ಟಿಟ್ಟಿದ್ದ ಹಿತ್ತಾಳೆ ಸರಪಳಿಗಳನ್ನು ಮಾತ್ರ ಇಳಿಸಿಕೊಂಡರು. ಹುಣಸೆಹಣ್ಣು ಹಚ್ಚಿ ತಾವೇ ಕೂತು ಬೆಳಗಿದರು. ಅದೇ ಕೊಂಡಿಗೆ ಅದೇ ಸರಪಳಿ ಹಾಕಿ, ತಮ್ಮ ಹಳೆಯ ಹತ್ತಿ ಸೀರೆಯ ಜೋಲಿ ಕಟ್ಟಿ, ಮಗುವನ್ನು ಮಲಗಿಸಿ ಹೆಸರು ಕೂಗಿದರು. "ಇದಕ್ಕೇನೂ ಬಣ್ಣ ಬೇಡ ತಾನೇ?" ಎಂದು ನನ್ನ ಕಡೆ ತಿರುಗಿ ಕೇಳಿದರು, ನಗುತ್ತಿದ್ದರೋ ಸಿಟ್ಟಿತ್ತೋ ಗೊತ್ತಾಗಲಿಲ್ಲ.