ಮುಕ್ಕಾಲಿಯ ಶುಶ್ರೂಷೆ

ಮನೆಯಲ್ಲಿ ಹೆಚ್ಚು ಹೊರೆ ಹೊರುವವರಿಗೆ ಮನ್ನಣೆ ಕಡಮೆಯೆಂಬುದು ಲೋಕಾನುಭವ. ಉಪಕರಣಗಳ ಪಾಡೂ ಹಾಗೆಯೇ. ಕ್ಯಾಮರಾಕ್ಕೆ ಮೆತ್ತನೆಯ ಚೀಲ, ಅದರ ಮಸೂರಕ್ಕೆ ನಯವಾದ ಬಟ್ಟೆ. ಆದರೆ ಬಯಲಿನಲ್ಲಿ, ಕೆಸರಿನಲ್ಲಿ ನಿಂತು ಅದನ್ನು ಹೊತ್ತ ಮುಕ್ಕಾಲಿಗೆ, ಎಂದರೆ ಟ್ರೈಪಾಡಿಗೆ, ಅಟ್ಟದ ಮೂಲೆಯೇ ಗತಿ. ಈ ಉಪೇಕ್ಷೆಯ ಫಲವನ್ನು ಸ್ವತಃ ಅನುಭವಿಸಿದವನಾದ್ದರಿಂದ ನಾಲ್ಕು ಮಾತುಗಳನ್ನು ವಾಚಕರಲ್ಲಿ ನಿವೇದಿಸುತ್ತೇನೆ.

ನಮ್ಮ ಹಾಸನದ ಸೀಮೆಗೂ ಛಾಯಾಗ್ರಹಣಕ್ಕೂ ಇರುವ ನಂಟು ಹಳೆಯದು. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಆಂಗ್ಲ ಸೇನಾಧಿಕಾರಿಯು 1856ರಲ್ಲಿ ಹಳೇಬೀಡಿನ ದೇವಾಲಯದ ಚಿತ್ರಗಳನ್ನು ತೆಗೆದು, 1859ರಲ್ಲಿ 56 ಚಿತ್ರಗಳ ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟಿಸಿದನು. ಆ ಕಾಲದಲ್ಲಿ ಬಿಂಬವು ನಿಧಾನವಾಗಿ ಮೂಡುತ್ತಿದ್ದುದರಿಂದ ಕ್ಯಾಮರಾ ಅಲುಗದೆ ನಿಲ್ಲುವುದು ಅವಶ್ಯವಾಗಿತ್ತು. ಇಂದಿಗೂ ಮುಸ್ಸಂಜೆಯ ಮಂದ ಬೆಳಕಿನಲ್ಲಿ ಮುಕ್ಕಾಲಿಯಿಲ್ಲದೆ ನಡೆಯದು. ನಾಲ್ಕು ಕಾಲಿನ ಮೇಜು ಉಬ್ಬುತಗ್ಗಿನ ನೆಲದ ಮೇಲೆ ಕುಂಟುವುದು. ಮೂರು ಕಾಲಿನದು ಕುಂಟದು. ಏಕೆಂದರೆ ಯಾವ ಮೂರು ಬಿಂದುಗಳೇ ಆಗಲಿ ಒಂದೇ ಸಮತಲದಲ್ಲಿರುತ್ತವೆ.

ಗೊರೂರಿನ ಬಳಿ 1979ರಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಪಾಳು ಇಗರ್ಜಿಯು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಮತ್ತೆ ನೆಲದ ಮೇಲೆ ಕಾಣಿಸಿಕೊಳ್ಳುವುದನ್ನು ಈ ಕಡೆಯವರೆಲ್ಲ ಬಲ್ಲರು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಭಾದ್ರಪದದ ಒಂದು ಸಂಜೆ, ಶಾಂತಿಗ್ರಾಮದಿಂದ ಅಲ್ಲಿಗೆ ಹೋಗಿ ದಡದ ಕೆಸರಿನಲ್ಲಿ ಮುಕ್ಕಾಲಿಯನ್ನು ನಿಲ್ಲಿಸಿ ಚಿತ್ರ ತೆಗೆದೆನು. ಕತ್ತಲಾಯಿತೆಂದು ಕೆಸರು ಮೆತ್ತಿದ ಕಾಲುಗಳನ್ನು ಹಾಗೆಯೇ ಒಳಕ್ಕೆ ತಳ್ಳಿ, ಮಡಚಿ ತಂದು ಅಟ್ಟಕ್ಕೆ ಹಾಕಿದೆನು.

ದೀಪಾವಳಿಗೆ ಎಂಬತ್ತು ದಾಟಿದ ನಮ್ಮ ಸೋದರತ್ತೆಯವರು ಅರಕಲಗೂಡಿನಿಂದ ಬಂದಿದ್ದರು. ಅವರನ್ನು ನಡುವೆ ಕುಳ್ಳಿರಿಸಿ ನಾಲ್ಕು ತಲೆಮಾರಿನವರ ಚಿತ್ರ ತೆಗೆಯಬೇಕೆಂದು ಮುಕ್ಕಾಲಿಯನ್ನು ಇಳಿಸಿದೆನು. ಬಿಗಿಯಾಗಿದೆಯೆಂದು ನಂಬಿದ್ದ ಒಂದು ಕಾಲು, ಒಳಗೆ ಮರಳು ಸಿಕ್ಕಿದ್ದರಿಂದ, ಸರ್ರನೆ ಜಾರಿತು. ಕ್ಯಾಮರಾ ಅಂಗಳದ ಚಪ್ಪಡಿಯ ಮೇಲೆ ಬಿದ್ದು ಮಸೂರ ಒಡೆಯಿತು. “ಹೋಗಲಿ ಬಿಡೋ, ಸಂಕ್ರಾಂತಿಗೆ ಬರುತ್ತೇನಲ್ಲ, ಆಗ ತೆಗೆಯುವೆಯಂತೆ” ಎಂದರು ಅತ್ತೆ. ಸಂಕ್ರಾಂತಿಯ ವೇಳೆಗೆ ಅವರಿರಲಿಲ್ಲ.

ಅಂದಿನಿಂದ ನಾನು ಪಾಲಿಸುತ್ತಿರುವ ಮೊದಲನೆಯ ನಿಯಮವಿದು: ಒರೆಸದೆ ಮಡಚಕೂಡದು. ಹೊರಗಿರುವ ಮಣ್ಣು ಕೇವಲ ಕೊಳೆ. ಕಾಲನ್ನು ಒಳಕ್ಕೆ ತಳ್ಳಿದೊಡನೆ ಅದೇ ಮಣ್ಣು ಅರವಾಗುತ್ತದೆ. ನೀರಿನಲ್ಲಿ ನಿಲ್ಲಿಸಬೇಕಾದಲ್ಲಿ ತೀರ ಕೆಳಗಿನ ತುಂಡನ್ನೇ ಮೊದಲು ಪೂರ್ತಿಯಾಗಿ ಎಳೆಯತಕ್ಕದ್ದು. ಆಗ ಬಿಗಿಯುವ ಬಳೆಯು ನೀರಿಗಿಂತ ಮೇಲೆ ಉಳಿಯುತ್ತದೆ.

ಮನೆಗೆ ಬಂದ ಮೇಲೆ ಕ್ಯಾಮರಾ ಕೂಡುವ ತಲೆಯನ್ನು ಬಿಚ್ಚಿ ಬೇರೆ ಇಡಿರಿ. ಅದಕ್ಕೆ ನೀರು ತಾಗಕೂಡದು. ಕಾಲುಗಳನ್ನು ಪೂರ್ತಿ ಚಾಚಿ ತಣ್ಣೀರಿನಿಂದ ಕೆಸರನ್ನು ತೊಳೆಯಿರಿ. ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಚಾಚಿದಂತೆಯೇ ರಾತ್ರಿಯೆಲ್ಲ ನೆರಳಿನಲ್ಲಿ ಆರಲು ಬಿಡಿರಿ. ಉರಿಬಿಸಿಲು ರಬ್ಬರಿಗೂ ಅಂಟಿಗೂ ಹಿತವಲ್ಲ. ಮಂಗಳೂರು, ಕಾರವಾರಗಳ ಕಡಲತೀರಕ್ಕೆ ಒಯ್ದಿದ್ದರೆ ಅದೇ ದಿನ ಸಿಹಿನೀರಿನಿಂದ ತೊಳೆಯಲೇಬೇಕು. ಉಪ್ಪು ಅಲ್ಯೂಮಿನಿಯಮ್ಮನ್ನೂ ಉಕ್ಕಿನ ತಿರುಪುಗಳನ್ನೂ ತಿನ್ನುತ್ತದೆ.

ಕಾಲನ್ನು ಎಳೆಯುವಾಗ ಗರಗರ ಸದ್ದಾದರೆ ಒಳಗೆ ಮರಳಿದೆಯೆಂದೇ ಅರ್ಥ. ತಿರುಗಿಸಿ ಬಿಗಿಮಾಡುವ ಬಳೆಯುಳ್ಳದ್ದಾದರೆ ಬಳೆಯನ್ನು ಪೂರ್ತಿ ಕಳಚಿ ಒಳಕೊಳವೆಯನ್ನು ಹೊರಕ್ಕೆ ಎಳೆಯಬಹುದು. ಸಾಮಾನ್ಯವಾಗಿ ಅದರ ತುದಿಯಲ್ಲಿ ಅರೆಬಳೆಯಂಥ ತೆಳು ಚಿಪ್ಪುಗಳಿರುತ್ತವೆ. ಅವು ಉದುರಿ ಕಳೆಯದಂತೆ, ಕಳಚಿದ ಕ್ರಮದಲ್ಲಿಯೇ ತಟ್ಟೆಯಲ್ಲಿ ಜೋಡಿಸಿಡಿರಿ. ಒಂದು ಕಾಲು ಮುಗಿಯದೆ ಇನ್ನೊಂದಕ್ಕೆ ಕೈಹಾಕಬೇಡಿರಿ. ತಿರುಪಿನ ಸುತ್ತುಗಳನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದಲೂ ಸಾಬೂನಿನ ನೀರಿನಿಂದಲೂ ಉಜ್ಜಿ, ಆರಿದ ಬಳಿಕ ಆ ಸುತ್ತುಗಳಿಗೆ ಮಾತ್ರ ಗ್ರೀಸನ್ನು ತೆಳ್ಳಗೆ ಸವರಿರಿ. ಮಡಚುವ ಚಿಲಕದ ಜಾತಿಯದನ್ನು ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಚಿಲಕ ಸಡಿಲವಾಗಿದ್ದರೆ ಅದರ ತಿರುಪನ್ನು ಸ್ವಲ್ಪ ಬಿಗಿಮಾಡಿದರೆ ಸಾಕು.

ನಮ್ಮದು ತೆಂಗಿನ ಸೀಮೆ. ಕೀರಲುವುದೆಲ್ಲಕ್ಕೂ ಕೊಬ್ಬರಿ ಎಣ್ಣೆ ಬಿಡುವ ವಾಡಿಕೆಯುಂಟು. ಇಲ್ಲಿ ಅದು ಸಲ್ಲದು. ಎಣ್ಣೆಯು ಧೂಳನ್ನು ಹಿಡಿದು ಹಿಡಿತವನ್ನು ಕೆಡಿಸುತ್ತದೆ. ಮಾರ್ಗಶಿರದ ಚಳಿಗೆ ಹೆಪ್ಪುಗಟ್ಟುವುದೂ ಉಂಟು. ಗುಂಡಿನ ಮೇಲೆ ತಿರುಗುವ ತಲೆಗಂತೂ ಎಣ್ಣೆ ಸೋಕಿಸಲೇಬಾರದು. ಒಣಬಟ್ಟೆಯಿಂದ ಒರೆಸಿದರೆ ಸಾಕು.

ಕೊನೆಗೆ ಪಾದಗಳನ್ನು ನೋಡಿರಿ. ರಬ್ಬರು ಸವೆದು ಲೋಹ ಹೊರಬಿದ್ದಿದ್ದರೆ ಹೊಸದನ್ನು ಹಾಕಿಸಬೇಕು. ಇಲ್ಲವಾದರೆ ಅದು ಕಲ್ಲುಹಾಸನ್ನು ಗೀರುತ್ತದೆ. ಬೇಲೂರು ಹಳೇಬೀಡುಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಅಂಥ ಸಂರಕ್ಷಿತ ಸ್ಥಳಗಳಲ್ಲಿ ಮುಕ್ಕಾಲಿ ಹೂಡಲು ಮೊದಲೇ ಅನುಮತಿ ಪಡೆಯತಕ್ಕದ್ದು. ಎಲ್ಲಿ ನಿಲ್ಲಿಸಿದರೂ ಕ್ಯಾಮರಾವನ್ನು ಏರಿಸುವ ಮುನ್ನ ತಲೆಯ ಮೇಲೆ ಅಂಗೈಯಿಟ್ಟು ಒಮ್ಮೆ ಬಲವಾಗಿ ಒತ್ತಿರಿ. ಜಾರುವ ಕಾಲು ಆಗಲೇ ಜಾರಲಿ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕ್ಯಾಮರಾದೊಡನೆ ಮುಕ್ಕಾಲಿಗೂ ಕುಂಕುಮ, ಹೂವು ಸಲ್ಲುತ್ತವೆ. ಆದರೆ ವರ್ಷಕ್ಕೊಮ್ಮೆ ಇಡುವ ಕುಂಕುಮಕ್ಕಿಂತ, ದುಡಿದು ಬಂದ ದಿನವೇ ಮಾಡುವ ಒದ್ದೆಬಟ್ಟೆಯ ಉಪಚಾರವು ಅದಕ್ಕೆ ಹೆಚ್ಚು ಪ್ರಿಯವಾದ ಪೂಜೆಯೆಂದು ನನ್ನ ನಂಬಿಕೆ. ಅತ್ತೆಯವರ ಆ ಚಿತ್ರವೊಂದು ನಮ್ಮ ಗೋಡೆಯ ಮೇಲಿಲ್ಲ. ವಾಚಕರ ಮನೆಯ ಗೋಡೆಯಲ್ಲಿ ಅಂಥ ಖಾಲಿ ಜಾಗ ಉಳಿಯದಿರಲಿ.