‘ಮಾತು ಬರುತ್ತೆ ಬಿಡಿ’ ಎಂದಿದ್ದೆ!

ಎರಡು ವರ್ಷದ ಮಗನನ್ನು ಎತ್ತಿಕೊಂಡು ಬಂದಿದ್ದ ಆ ತಾಯಿ, ‘ಡಾಕ್ಟ್ರೇ, ಇವನು ಇನ್ನೂ ಅಮ್ಮಾ ಅಂತಿಲ್ಲ’ ಎಂದರು. ಎದೆಗೆ ಸ್ಟೆತಸ್ಕೋಪ್ ಇಟ್ಟೆ, ತೂಕ ನೋಡಿದೆ. ಎಲ್ಲ ಸರಿಯಿತ್ತು. ‘ಗಂಡುಮಕ್ಕಳಿಗೆ ಮಾತು ಸ್ವಲ್ಪ ತಡ. ಬರುತ್ತೆ ಬಿಡಿ’ ಎಂದು ಕಳುಹಿಸಿದೆ. ಒಂದೂವರೆ ವರ್ಷದ ನಂತರ ಅದೇ ಮಗುವಿಗೆ ಆಟಿಸಂ ಇದೆಯೆಂದು ದೂರದ ನಗರದಲ್ಲಿ ಗುರುತಿಸಿದರು. ಆ ತಾಯಿ ನನ್ನನ್ನು ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಜ್ವರ, ಭೇದಿ, ನ್ಯುಮೋನಿಯಾ ನನಗೆ ಚೆನ್ನಾಗಿ ಗೊತ್ತಿತ್ತು. ಮಗು ಹೇಗೆ ಆಡುತ್ತದೆ, ಹೇಗೆ ನೋಡುತ್ತದೆ ಎಂದು ಪರೀಕ್ಷಿಸುವ ಅಭ್ಯಾಸವಿರಲಿಲ್ಲ. ಕಲಿಯಲು ತಿಂಗಳುಗಟ್ಟಲೆ ಊರು ಬಿಟ್ಟರೆ ತಾಲ್ಲೂಕಿನ ಮಕ್ಕಳನ್ನು ನೋಡುವವರು ಯಾರು? ಹಾಗಾಗಿ ಆನ್‌ಲೈನ್ ತರಬೇತಿಗೆ ಸೇರಿದೆ.

ಇಂಥ ತರಬೇತಿಗೆ ದಾರಿ ತೋರಿದವರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಡಾ. ಸಂಜೀವ್ ಅರೋರಾ ಪ್ರಮುಖರು. ಹೆಪಟೈಟಿಸ್ ಸಿ ರೋಗಿಗಳಿಗಾಗಿ ಅವರು 2003ರಲ್ಲಿ ‘ಪ್ರಾಜೆಕ್ಟ್ ಎಕೋ’ ಆರಂಭಿಸಿದರು. ರೋಗಿಯನ್ನು ಅಲೆಸುವ ಬದಲು ತಜ್ಞರ ತಿಳಿವನ್ನೇ ಹಳ್ಳಿಯ ವೈದ್ಯರಿಗೆ ತಲುಪಿಸುವುದು ಅದರ ಉದ್ದೇಶ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೇ ಮಾದರಿಯಲ್ಲಿ ಮಾನಸಿಕ ಆರೋಗ್ಯದ ತರಬೇತಿ ನೀಡುತ್ತಿದೆ.

ನಮ್ಮದು ವಾರಕ್ಕೊಂದು ಸಂಜೆ. ಮೊದಲು ಚಿಕ್ಕ ಪಾಠ. ಆಮೇಲೆ ನಮ್ಮಲ್ಲೊಬ್ಬರು ಹೆಸರು ಹೇಳದೆ ಒಂದು ಮಗುವಿನ ವಿವರ ಮುಂದಿಡಬೇಕು. ನಾನು ಆ ಹುಡುಗನದೇ ಹೇಳಿದೆ. ‘ಹೆಸರು ಕರೆದರೆ ತಿರುಗುತ್ತಿದ್ದನೇ? ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದನೇ? ಕಿವಿ ಪರೀಕ್ಷೆ ಆಗಿತ್ತೇ?’ ಪರದೆಯಾಚೆಯಿಂದ ತಜ್ಞೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕೇಳಿರಲೇ ಇಲ್ಲ!

ಈಗ 16ರಿಂದ 30 ತಿಂಗಳ ಮಕ್ಕಳ ಪೋಷಕರಿಗೆ ‘ಎಂ-ಚಾಟ್’ ಎಂಬ 20 ಪ್ರಶ್ನೆಗಳ ಪಟ್ಟಿ ಕೊಡುತ್ತೇನೆ. ಹೌದು, ಇಲ್ಲ ಎಂದರೆ ಸಾಕು. ಅದರಿಂದಲೇ ಕಾಯಿಲೆ ನಿರ್ಧಾರವಾಗುವುದಿಲ್ಲ. ಯಾರಿಗೆ ಮುಂದಿನ ತಪಾಸಣೆ ಬೇಕೆಂದು ತಿಳಿಯುತ್ತದೆ. ‘ನಿಮಗೆ ನಿದ್ದೆ ಬರುತ್ತಿದೆಯೇ?’ ಎಂದು ತಾಯಿಯನ್ನೂ ಕೇಳುತ್ತೇನೆ. ಅವಳ ಮನಸ್ಸು ಕುಗ್ಗಿದ್ದರೆ ಮಗುವಿಗೂ ಅದರ ಬಿಸಿ ತಟ್ಟುತ್ತದೆ.

ಪೋಷಕರೇ, ಒಂದು ವರ್ಷವಾದರೂ ಮಗು ಹೆಸರಿಗೆ ಓಗೊಡದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ತೋರದಿದ್ದರೆ, ಎರಡಕ್ಕೂ ಎರಡು ಪದ ಜೋಡಿಸದಿದ್ದರೆ, ಕಲಿತ ಮಾತು ಮರೆತರೆ ಕಾಯಬೇಡಿ. ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಉಚಿತ ತಪಾಸಣೆಯಿದೆ. ವೈದ್ಯರು ‘ಬರುತ್ತೆ ಬಿಡಿ’ ಎಂದರೆ, ಇನ್ನೊಮ್ಮೆ ಕೇಳಿ.

ನಾನಂತೂ ಆ ಮಾತು ಬಿಟ್ಟಿದ್ದೇನೆ. ಈಗ ಮೊದಲು ನೆಲದ ಮೇಲೆ ಕುಳಿತು ಮಗುವಿನತ್ತ ಚೆಂಡು ಉರುಳಿಸುತ್ತೇನೆ. ಸ್ಟೆತಸ್ಕೋಪ್ ಆಮೇಲೆ.