ಗುರಿಕಾರನ ದುರ್ಬೀನು

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯ ಅರ್ಥವನ್ನು ಕಣ್ಣಾರೆ ಕಾಣಬೇಕೆನ್ನುವವರು ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಹೋಗಬೇಕು. ಅಲ್ಲಿಯ ಬೆಟ್ಟದ ಸಾಲು ದೂರದಿಂದ ನೋಡುವವರಿಗೆ ಅಂಗಾತ ಪವಡಿಸಿದ ಮಹಾಪುರುಷನಂತೆ ತೋರುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಬಾನಂಚಿನಲ್ಲಿ ರೇಖಿಸಿಟ್ಟಂತೆ ಕಾಣುತ್ತವೆ. ಜನರು ಅದನ್ನು ‘ಮಲಗಿದ ಬುದ್ಧ’ನೆಂದು ಕರೆಯುತ್ತಾರೆ. ಹತ್ತಿರ ಹೋದಂತೆಲ್ಲ ಬುದ್ಧನು ಮರೆಯಾಗಿ ಬಂಡೆಗಳು ಮಾತ್ರ ಉಳಿಯುತ್ತವೆ. ಬಲವಾದ ದುರ್ಬೀನನ್ನು ಹಿಡಿದು ನೋಡಿದರೂ ಫಲ ಅದೇ. ಮೂಗಿನ ಬಂಡೆಯೊಂದು ದೊಡ್ಡದಾಗಿ ಕಾಣುತ್ತದೆ, ಮುಖ ಮಾತ್ರ ಕಾಣದೆ ಹೋಗುತ್ತದೆ.

ದೊಡ್ಡದಾಗಿ ಕಾಣುವುದು ಬೇರೆ, ಚೆನ್ನಾಗಿ ಕಾಣುವುದು ಬೇರೆ. ಈ ಸರಳ ಸತ್ಯವನ್ನು ಬಹು ಬೆಲೆ ತೆತ್ತು ಕಲಿತವರು ಬೇಟೆಗಾರರು. ಕೋವಿಯ ಮೇಲೆ ದುರ್ಬೀನನ್ನು ಏರಿಸಿದ ದಿನದಿಂದ ‘ಎಂಥದನ್ನು ಆರಿಸಬೇಕು?’ ಎಂಬ ಪ್ರಶ್ನೆ ಅವರನ್ನು ಕಾಡಿದೆ. ಅವರು ಕಂಡುಕೊಂಡ ಉತ್ತರ, ಎಂದೂ ಕೋವಿ ಮುಟ್ಟದವರಿಗೂ ಇಂದು ಉಪಯೋಗಕ್ಕೆ ಬರುವಂಥದು.

ಬರಿಗಣ್ಣಿನ ಗುರಿಕಾರರು

ಶಹಾಪುರಕ್ಕೆ ನೆರೆಯಾದ ಸುರಪುರ ಗುರಿಕಾರರ ನಾಡು. ಇಲ್ಲಿ ಆಳಿದ ಬೇಡ ನಾಯಕರ ಪಡೆ ಬಂದೂಕಿನ ಹೊಡೆತಕ್ಕೆ ದಖ್ಖಣದಲ್ಲೆಲ್ಲ ಹೆಸರಾಗಿತ್ತು. 1705ರಲ್ಲಿ ವಾಗಿನಗೇರಾ ಕೋಟೆಯನ್ನು ಮುತ್ತಲು ಔರಂಗಜೇಬನು ಸ್ವತಃ ಬರಬೇಕಾಯಿತು. ಆಗ ಅವನಿಗೆ 86 ವರ್ಷ. ಪಿಡ್ಡನಾಯಕನ ಬಂದೂಕುಗಾರರು ಮೊಗಲ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದರು. ಕೊನೆಗೆ ಕೋಟೆ ಬಾದಶಹನ ಕೈಸೇರಿತಾದರೂ ನಾಯಕನು ಸಿಕ್ಕಲಿಲ್ಲ. ಅವನು ಅಷ್ಟರಲ್ಲಿ ಅಲ್ಲಿಂದ ಪಾರಾಗಿದ್ದನು. ಅದೇ ಆ ಬಾದಶಹನ ಕೊನೆಯ ದೊಡ್ಡ ಮುತ್ತಿಗೆಯಾಯಿತು.

ಬೇಡರಿಗೆ ಆಯುಧವು ಯುದ್ಧದ ಸಲಕರಣೆ ಮಾತ್ರವಾಗಿರಲಿಲ್ಲ. ಅದು ಅನ್ನದ ದಾರಿಯೂ ಮಾನದ ಗುರುತೂ ಆಗಿತ್ತು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಪ್ರಾಣವನ್ನಾದರೂ ಕೊಟ್ಟೇವು, ಆಯುಧವನ್ನು ಕೊಡೆವೆಂದು ಸೆಟೆದು ನಿಂತರು. ಮರುವರ್ಷ, 1858ರಲ್ಲಿ, ಸುರಪುರದ ತರುಣ ದೊರೆ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದು ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು.

ಆ ಕಾಲದ ಬತ್ತಿಯ ಬಂದೂಕಿನ ನಳಿಗೆಯ ಒಳಮೈ ನುಣುಪು. ಅದರಿಂದ ಸುಮಾರು ನೂರು ಗಜದಾಚೆಗೆ ಇಂಥಲ್ಲಿಗೇ ಗುಂಡು ತಾಗುವುದೆಂದು ಹೇಳುವಂತಿರಲಿಲ್ಲ. ಆದ್ದರಿಂದ ದೂರವನ್ನು ನೋಡುವ ಉಪಕರಣ ಬೇಡನಿಗೆ ಬೇಕಿರಲಿಲ್ಲ. ದೂರವನ್ನು ಕಡಮೆ ಮಾಡುವ ಕಾಲು, ಸದ್ದಿಲ್ಲದೆ ಕುಳಿತಿರುವ ತಾಳ್ಮೆ, ಗಾಳಿಯ ದಿಕ್ಕು ಬಲ್ಲ ಬುದ್ಧಿ, ಇವೇ ಅವನ ದುರ್ಬೀನುಗಳಾಗಿದ್ದವು.

ನಳಿಗೆಯ ಮೇಲೆ ಗಾಜು

ನಳಿಗೆಯ ಒಳಗೆ ಸುರುಳಿಯಾದ ಗೀರುಗಳನ್ನು ಕೊರೆದಾಗ ಗುಂಡು ತಿರುಗುತ್ತ ಹೋಗಿ ದಾರಿ ತಪ್ಪದಾಯಿತು. ಅದೇ ರೈಫಲ್. ಅದರ ಗುಂಡು ಕಣ್ಣಿಗಿಂತ ದೂರ ಹೋಗತೊಡಗಿದಾಗ ಕಣ್ಣಿಗೂ ನೆರವು ಬೇಕಾಯಿತು. 1830ರ ದಶಕದಿಂದ ಈಚೆಗೆ ಅಮೆರಿಕದ ಕಮ್ಮಾರರೂ ಕನ್ನಡಕದ ಕಸುಬಿನವರೂ ಸೇರಿ ರೈಫಲ್ಲಿನ ಮೇಲೆ ಉದ್ದನೆಯ ಕೊಳವೆಯ ದುರ್ಬೀನುಗಳನ್ನು ಕೂಡಿಸತೊಡಗಿದರು. ಈ ಕಥೆಯಲ್ಲಿ ಭಾರತದ ನೆನಪೂ ಒಂದಿದೆ. ಕಂಪೆನಿಯ ಬೊಂಬಾಯಿ ಸೇನೆಯಲ್ಲಿ ಸೇವೆ ಸಲ್ಲಿಸಿದ ಡೇವಿಡ್‌ಸನ್ ಎಂಬ ಸ್ಕಾಟ್‌ಲೆಂಡಿನ ಅಧಿಕಾರಿ ಇಂಥ ದುರ್ಬೀನೊಂದನ್ನು ರೂಪಿಸಿದನು. 1861ರಿಂದ 1865ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ವಿಟ್ವರ್ತ್ ರೈಫಲ್ಲುಗಳ ಮೇಲೆ ಅವನ ಹೆಸರಿನ ದುರ್ಬೀನು ಕುಳಿತಿತ್ತು.

ಆದರೂ ನಮ್ಮ ಕಡೆಯ ಪ್ರಸಿದ್ಧ ಬೇಟೆಗಾರರು ಅದನ್ನು ನೆಚ್ಚಲಿಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್, ಯಾರ ಕಾಡಿನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡದ ಮನೆಮನೆಗೆ ತಂದರೋ ಆತನು, ನೆಚ್ಚಿದ್ದು ವಿಂಚೆಸ್ಟರ್ ರೈಫಲ್ಲನ್ನು. ಕುಮಾವೂನಿನ ಜಿಮ್ ಕಾರ್ಬೆಟ್ಟನ ಅಚ್ಚುಮೆಚ್ಚಿನದು ರಿಗ್ಬಿ. ಇಬ್ಬರೂ ನಳಿಗೆಯ ತುದಿಯ ಮೊನೆಯನ್ನು ಹಿಂದಿನ ಕಚ್ಚಿನಲ್ಲಿ ಕೂಡಿಸಿ ಗುರಿ ಹಿಡಿದವರು. ಅದು ಹಠದಿಂದಲ್ಲ. ದಟ್ಟ ಕಾಡಿನಲ್ಲಿ ಹುಲಿ ಇಪ್ಪತ್ತು ಹೆಜ್ಜೆಯಲ್ಲಿ ಎದುರಾಗುವಾಗ ದುರ್ಬೀನಿನಲ್ಲಿ ಅದರ ಮೈಯ ಎರಡು ಪಟ್ಟೆಗಳಷ್ಟೇ ಕಂಡಾವು! ದುರ್ಬೀನು ಬಯಲಿನ ಬೇಟೆಯ ಉಪಕರಣ. ಯಾದಗಿರಿ ಸೀಮೆಯಂತಹ ಮರವಿರಳವಾದ ಕರಿನೆಲದಲ್ಲಿ, ಕೃಷ್ಣಮೃಗವು ಮುನ್ನೂರು ಗಜದಾಚೆಯಿಂದಲೇ ಮನುಷ್ಯನನ್ನು ಗುರುತಿಸಿ ಹಾರಿಹೋಗುವ ಕಡೆ, ಅದಕ್ಕೆ ಕೆಲಸವುಂಟು.

ಎರಡು ಅಂಕಿಗಳ ಒಗಟು

ಹಾಗಾದರೆ ಆಯ್ಕೆಯ ಬಗೆ ಹೇಗೆ? ಪ್ರತಿಯೊಂದು ದುರ್ಬೀನಿನ ಮೇಲೂ ಎರಡು ಅಂಕಿಗಳಿರುತ್ತವೆ. ‘4×32’ ಎಂದಿದ್ದರೆ ವಸ್ತುವು ನಾಲ್ಕುಪಟ್ಟು ಹತ್ತಿರ ಬಂದಂತೆ ಕಾಣುವುದೆಂದೂ ಮುಂದಿನ ಮಸೂರದ ಅಡ್ಡಳತೆ 32 ಮಿಲಿಮೀಟರ್ ಎಂದೂ ತಿಳಿಯಬೇಕು. ‘3-9×40’ ಎಂಬುದರಲ್ಲಿ ವರ್ಧನೆಯನ್ನು ಮೂರರಿಂದ ಒಂಬತ್ತರವರೆಗೆ ತಿರುಗಿಸಿ ಬದಲಾಯಿಸಬಹುದು. ಹೊಸಬನು ಮೊದಲ ಅಂಕಿಗೆ ಮರುಳಾಗುತ್ತಾನೆ. ಅನುಭವಿಯು ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೋಡುತ್ತಾನೆ.

ಆ ಭಾಗಲಬ್ಧವೇ ದುರ್ಬೀನಿನಿಂದ ಹೊರಬಂದು ಕಣ್ಣನ್ನು ಸೇರುವ ಬೆಳಕಿನ ಕಂಬದ ಅಗಲ. 32ನ್ನು 4ರಿಂದ ಭಾಗಿಸಿದರೆ 8 ಮಿಲಿಮೀಟರ್. 40ನ್ನು 9ರಿಂದ ಭಾಗಿಸಿದರೆ ನಾಲ್ಕೂವರೆಗೂ ಕಡಮೆ. ಮನುಷ್ಯನ ಕಣ್ಣಿನ ಪಾಪೆ ಹಾಡುಹಗಲಿನಲ್ಲಿ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ; ಆಗ ಎರಡೂ ದುರ್ಬೀನುಗಳು ಸಮ. ಮೃಗಗಳು ಮೇವಿಗೆ ಹೊರಡುವ ಮುಸ್ಸಂಜೆಯಲ್ಲಿ ತರುಣನ ಪಾಪೆ ಸುಮಾರು ಏಳು ಮಿಲಿಮೀಟರಿನವರೆಗೆ ಅರಳುತ್ತದೆ. ವಯಸ್ಸಾದವರದು ಐದರ ಆಸುಪಾಸಿನಲ್ಲೇ ನಿಲ್ಲುವುದುಂಟು. ಆಗ ಒಂಬತ್ತರ ನೋಟ ಮಬ್ಬಾಗಿರುವಾಗ ನಾಲ್ಕರ ನೋಟ ಇನ್ನೂ ಬೆಳಗುತ್ತಿರುತ್ತದೆ. ಕೊಳ್ಳುವವನ ವಯಸ್ಸೂ ಲೆಕ್ಕಕ್ಕೆ ಬರುವ ವ್ಯಾಪಾರವಿದು.

ಹಾಗೆಂದು ಮುಂದಿನ ಮಸೂರವನ್ನು ಮಿತಿಮೀರಿ ಹಿರಿದು ಮಾಡಿದರೆ ಬೇರೊಂದು ತೊಡಕು. ಐವತ್ತು ಮಿಲಿಮೀಟರನ್ನು ಮೀರಿದ ಮಸೂರ ನಳಿಗೆಗೆ ತಾಗದಿರಲು ದುರ್ಬೀನನ್ನು ಮೇಲೆತ್ತಿ ಕೂಡಿಸಬೇಕು. ಆಗ ನೋಡುವವನ ಕೆನ್ನೆ ಕೋವಿಯ ಮರದಿಂದ ಮೇಲೇಳುತ್ತದೆ. ಕೆನ್ನೆ ಊರದ ಗುರಿ ನೆಲೆಯಿಲ್ಲದ ಗುರಿ.

ವರ್ಧನೆ ಹೆಚ್ಚಿದಂತೆ ನೋಟದ ಅಗಲ ಕಿರಿದಾಗುವುದು ಮತ್ತೊಂದು ನಿಯಮ. ನೂರು ಮೀಟರಿನಾಚೆ ಮೂರರ ವರ್ಧನೆಯಲ್ಲಿ ಸುಮಾರು ಹನ್ನೊಂದು ಮೀಟರ್ ಅಗಲದ ಬಯಲು ಕಂಡರೆ ಒಂಬತ್ತರಲ್ಲಿ ನಾಲ್ಕು ಮೀಟರ್ ಮಾತ್ರ. ಒಂಟಿ ಗಂಡು ಜಿಂಕೆಯೆಂದು ಭಾವಿಸಿದ್ದರ ಪಕ್ಕದಲ್ಲೇ ಮರಿಯೊಡನೆ ಹೆಣ್ಣು ನಿಂತಿದ್ದರೆ, ಹಿಂದಿನ ಬದುವಿನ ಮೇಲೆ ಕುರಿಗಾಹಿಯೊಬ್ಬ ಕುಳಿತಿದ್ದರೆ, ಆ ಕಿರುಗಿಂಡಿಯಲ್ಲಿ ಕಾಣುವುದೆಂತು?

ಇನ್ನು ಯಾದಗಿರಿಯ ಬಿಸಿಲು. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ಈ ಬಯಲಿನಲ್ಲಿ ಕಾದ ನೆಲದಿಂದೇಳುವ ಗಾಳಿ ಅಲೆಯಲೆಯಾಗಿ ನಡುಗುತ್ತದೆ. ಹನ್ನೆರಡರ ದುರ್ಬೀನು ಮೃಗವನ್ನು ಹಿರಿದು ಮಾಡುವಂತೆಯೇ ಈ ನಡುಕವನ್ನೂ ಹಿರಿದು ಮಾಡುತ್ತದೆ. ಗುರಿಯು ನೀರೊಳಗಿನ ನೆರಳಿನಂತೆ ಕುಣಿಯುತ್ತದೆ. ಬಿಸಿಲ್ಗುದುರೆಯ ಮೇಲೆ ಗುರಿಯಿಟ್ಟವನಿಗೆ ದಕ್ಕುವುದೇನು? ಹಳೆಯ ಕೈಗಳು ಬಯಲಿನಲ್ಲಿಯೂ ನಾಲ್ಕು-ಆರರ ವರ್ಧನೆಯಲ್ಲಿ ತೃಪ್ತರಾಗಿದ್ದುದಕ್ಕೆ ಇದೊಂದು ಕಾರಣ.

ಗಾಜು, ಗೆರೆ, ಕಣ್ಣು

ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲನ್ನು ಹಿಂದಕ್ಕೆಸೆಯುತ್ತದೆ. ದುರ್ಬೀನೊಂದರಲ್ಲಿ ಇಂತಹ ಹತ್ತು ಮೈಗಳಿದ್ದರೆ ಬೆಳಕಿನ ಮೂರನೆಯ ಒಂದು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. 1935ರಲ್ಲಿ ಜರ್ಮನಿಯ ಝೈಸ್ ಕಾರ್ಖಾನೆಯಲ್ಲಿ ಸ್ಮಕುಲನೆಂಬ ವಿಜ್ಞಾನಿ ಈ ಸೋರಿಕೆಯನ್ನು ತಡೆಯುವ ತೆಳುಲೇಪವನ್ನು ಕಂಡುಹಿಡಿದನು. ಗಾಜಿನ ಮೇಲೆ ನೇರಿಳೆಯ ಅಥವಾ ಹಸುರಿನ ಛಾಯೆ ಮಿನುಗುವುದು ಆ ಲೇಪದಿಂದಲೇ. ವರ್ಧನೆಗೆ ಸುರಿಯುವ ಹಣವನ್ನು ಲೇಪಕ್ಕೆ ಕೊಟ್ಟವನು ಜಾಣ.

ಒಳಗಿನ ಕೂಡುಗೆರೆಗಳೂ ಗಮನಾರ್ಹ. ಕೂದಲೆಳೆಯಂತಹ ಗೆರೆ ಮುಸ್ಸಂಜೆಯಲ್ಲಿ ಮಾಯವಾಗುತ್ತದೆ. ದಪ್ಪ ಗೆರೆ ಗುರಿಯನ್ನೇ ಮುಚ್ಚುತ್ತದೆ. ಹೊರಗೆ ದಪ್ಪವಾಗಿದ್ದು ನಡುವೆ ತೆಳುವಾಗುವ ಗೆರೆ ಇವೆರಡರ ಸಂಧಾನ. 1960ರ ದಶಕದಿಂದ ಬೇಟೆಯ ದುರ್ಬೀನುಗಳಲ್ಲಿ ಅದೇ ರೂಢಿಗೆ ಬಂತು. ಕಣ್ಣಿಗೂ ಗಾಜಿಗೂ ನಡುವೆ ಸುಮಾರು ಒಂಬತ್ತು ಸೆಂಟಿಮೀಟರ್ ತೆರಪಿರುವುದು ಅಗತ್ಯ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ತೆರಪು ಸಾಲದ ದುರ್ಬೀನಿನ ಅಂಚು ಹುಬ್ಬನ್ನು ಸೀಳಿ ಅರ್ಧಚಂದ್ರದ ಗುರುತನ್ನು ಉಳಿಸಿಹೋಗುತ್ತದೆ!

ಇವೆಲ್ಲಕ್ಕಿಂತ ಮಿಗಿಲಾದ ನಿಯಮವೊಂದುಂಟು. ರೈಫಲ್ಲಿನ ದುರ್ಬೀನು ಹುಡುಕುವುದಕ್ಕಲ್ಲ. ಅದರಿಂದ ಏನನ್ನು ನೋಡಿದರೂ ನಳಿಗೆಯೂ ಅತ್ತಲೇ ತಿರುಗಿರುತ್ತದೆ. ಪೊದೆಯಲ್ಲಿ ಅಲುಗಿದ್ದು ಮೃಗವೋ ಮನುಷ್ಯನೋ ಎಂದು ಅದರಲ್ಲಿ ನೋಡಹೊರಟರೆ ಉತ್ತರ ತಿಳಿಯುವ ಮೊದಲೇ ಮನುಷ್ಯನ ಎದೆಗೆ ಕೋವಿ ಹಿಡಿದಂತಾಯಿತು. ಹುಡುಕಲು ಕೈಯಲ್ಲಿ ಹಿಡಿಯುವ ಜೋಡಿ ದುರ್ಬೀನು, ಎಂದರೆ ಬೈನಾಕ್ಯುಲರ್, ಬೇರೆಯೇ ಇರಬೇಕು. ಬಿಟ್ಟ ಗುಂಡು ಮರಳಿ ಬಾರದು. ಸಂದೇಹವಿದ್ದಾಗ ಕುದುರೆಯ ಮೇಲಿನ ಬೆರಳನ್ನು ಹಿಂದಕ್ಕೆ ತರಿಸುವುದೇ ಒಳ್ಳೆಯ ಗಾಜಿನ ದೊಡ್ಡ ಉಪಕಾರ.

ದುರ್ಬೀನು ಗುರಿಯನ್ನು ತೋರಿಸಬಲ್ಲದು, ಗುರಿಯನ್ನು ಕಲಿಸಲಾರದು. ಒಲಿಂಪಿಕ್ ಕ್ರೀಡೆಯ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನು ನಿಷಿದ್ಧ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದುದು ವರ್ಧಿಸುವ ಮಸೂರವಿಲ್ಲದ ಗುರಿಸಾಧನದಿಂದಲೇ. ಹತ್ತು ಮೀಟರ್ ದೂರದ ಆ ಸ್ಪರ್ಧೆಯ ನಡುಚುಕ್ಕೆ ಅರ್ಧ ಮಿಲಿಮೀಟರಿನಷ್ಟು ಮಾತ್ರ. ವಾಗಿನಗೇರೆಯ ಬಂದೂಕುಗಾರರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು.

ಕೋವಿಯಿಳಿದ ಮೇಲೆ

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಕೃಷ್ಣಮೃಗಕ್ಕೆ ಅದರಲ್ಲಿ ಅತ್ಯುನ್ನತ ರಕ್ಷಣೆ ದೊರೆಯಿತು. ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಕೊಡುವ ಅವಕಾಶ ಆಗ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಮನುಷ್ಯರ ಪ್ರಾಣಕ್ಕೆ ಎರವಾದ ಮೃಗದಂತಹ ಕೆಲವು ಸಂದರ್ಭಗಳನ್ನು ಬಿಟ್ಟರೆ ಇಂದು ನಮ್ಮ ದೇಶದಲ್ಲಿ ಬೇಟೆ ಅಪರಾಧ. ಮೋಜಿನ ಬೇಟೆಗಾರನ ಕಾಲ ಮುಗಿಯಿತು. ಅವನು ಕಲಿತ ಗಾಜಿನ ವಿದ್ಯೆ ಮಾತ್ರ ಮುಗಿಯಬೇಕಾಗಿಲ್ಲ.

ಅದಕ್ಕೆ ತಕ್ಕ ತಾಣ ಸುರಪುರ ತಾಲ್ಲೂಕಿನಲ್ಲೇ ಇದೆ. ಬೋನಾಳದ ಕೆರೆ ಇಂದು ಪಕ್ಷಿಧಾಮ. ಕೆನ್ನೀಲಿ ಬಕಗಳಿಗೆ ಅದು ಹೆಸರಾದ ನೆಲೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿ ಇಳಿಯುತ್ತವೆ. ರಜೆಯಲ್ಲಿ ಮಕ್ಕಳೊಡನೆ ಅಲ್ಲಿಗೆ ಹೊರಡುವ ಗೃಹಸ್ಥನು ಬೈನಾಕ್ಯುಲರ್ ಕೊಳ್ಳುವುದಾದರೆ ಬೇಟೆಗಾರನ ಲೆಕ್ಕವೇ ಅವನಿಗೂ ಸಾಕು. ‘8×42’ ಎಂಬುದರ ಬೆಳಕಿನ ಕಂಬ ಐದು ಮಿಲಿಮೀಟರಿಗೆ ತುಸು ಹೆಚ್ಚು. ಕುಟುಂಬದ ಎಲ್ಲ ವಯಸ್ಸಿನವರಿಗೂ ಸಂಜೆಯವರೆಗೆ ಸಲ್ಲುವ ಅಳತೆ ಅದು. ಹತ್ತರ ವರ್ಧನೆಯಲ್ಲಿ ಕೈಯ ನಡುಕವೂ ಹತ್ತುಪಟ್ಟಾಗುತ್ತದೆ. ‘20’, ‘30’ ಎಂದು ಬರೆದ ಅಗ್ಗದ ಕಿರುದುರ್ಬೀನುಗಳು ಅಂಕಿಯನ್ನು ಮಾರುತ್ತವೆ, ನೋಟವನ್ನಲ್ಲ.

ಕನ್ನಡಕ ತೊಟ್ಟವರು ಕಣ್ಣಿನ ತೆರಪು ಕನಿಷ್ಠ 15 ಮಿಲಿಮೀಟರ್ ಇರುವಂಥದನ್ನೇ ಕೇಳಿ ಕೊಳ್ಳಬೇಕು. ಅಂಗಡಿಯ ದೀಪದ ಬೆಳಕಿನಲ್ಲಿ ಎಲ್ಲ ಗಾಜೂ ಚೆನ್ನ. ಬಾಗಿಲಿಗೆ ಬಂದು ಬೀದಿಯ ಕೊನೆಯ ಕಂಬವನ್ನು ನೋಡಬೇಕು. ಕಂಬದ ಅಂಚಿನಲ್ಲಿ ಬಣ್ಣ ಕದಡಿದ್ದರೆ, ಎರಡು ಕಣ್ಣಿನ ನೋಟ ಒಂದಾಗದೆ ತಲೆ ಸಿಡಿದರೆ, ಬೆಲೆ ಎಷ್ಟೇ ಇಳಿದರೂ ಅದು ಬೇಡ. ಸೂರ್ಯನತ್ತ ಯಾವ ದುರ್ಬೀನನ್ನೂ ತಿರುಗಿಸಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡಬೇಕು. ಕ್ಷಣದಲ್ಲಿ ಕಣ್ಣು ಹೋದೀತು.

ಒಂದು ಕಾಲಕ್ಕೆ ಮುಸ್ಸಂಜೆಯ ಆ ಕೊನೆಯ ಕಾಲುಗಂಟೆಯ ಬೆಳಕಿಗಾಗಿಯೇ ಬೇಟೆಗಾರನು ಒಳ್ಳೆಯ ಗಾಜಿಗೆ ಹಣ ತೆರುತ್ತಿದ್ದನು. ಬಕಗಳು ಗೂಡಿಗೆ ಮರಳುವುದೂ ಅದೇ ಕಾಲುಗಂಟೆಯಲ್ಲಿಯೇ.